ನಾನು ಹಸುವಿನ ಹಿಂಭಾಗವಾದ ಬಗೆ

ಚರ್ರ್ರ್ರ್...

ಹತ್ತಿಬಟ್ಟೆ ಹರಿಯುವ ಸದ್ದನ್ನು ನೀವು ಕಿವಿಗೊಟ್ಟು ಕೇಳಿದ್ದೀರೋ ಇಲ್ಲವೋ. ಮೊದಲು ಅಂಚಿನಲ್ಲಿ ಒಂದಿಷ್ಟು ಹಟ ಮಾಡುತ್ತದೆ. ಆಮೇಲೆ ಯಾಕೋ ಮನಸ್ಸು ಬದಲಾಯಿಸಿದಂತೆ ಉದ್ದಕ್ಕೂ ನಿಟ್ಟುಸಿರು ಬಿಡುತ್ತಾ ಎರಡಾಗುತ್ತದೆ. ಬಹಳ ಹಿತವಾದ ಸದ್ದು. ಹರಿಯುತ್ತಿರುವುದು ಹೆಂಡತಿಯ ಹಾಸಿಗೆ ಬಟ್ಟೆಯಾಗಿರಬಾರದು, ಹೆಂಡತಿ ಪಕ್ಕದ ಅಡುಗೆಮನೆಯಲ್ಲಿ ಇರಬಾರದು, ಅಷ್ಟೇ.

“ಎಲ್ಡನ್, ಏನದು ಸದ್ದು?”

“ಏನಿಲ್ಲ.”

“ಏನಿಲ್ಲ ಅನ್ನೋದು ಇಷ್ಟುದ್ದ ಹರಿಯಲ್ಲ.”

ಆರ್ಲೀನ್ ಕೈಯಲ್ಲಿ ಅರ್ಧ ಸುಲಿದ ಆಲೂಗಡ್ಡೆ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು. ಊಟದ ಮೇಜಿನ ಮೇಲೆ ಅವಳ ಚಿಕ್ಕಮ್ಮ ಮದುವೆಗೆ ಕೊಟ್ಟಿದ್ದ ಬಿಳಿ ಹಾಸಿಗೆ ಹಾಸು. ಅತಿಥಿಗಳಿಗೆಂದು ಮುಚ್ಚಿಟ್ಟದ್ದು. (ನಮ್ಮ ಮನೆಗೆ ಅಷ್ಟು ಘನವಾದ ಅತಿಥಿ ಈವರೆಗೆ ಯಾರೂ ಬಂದಿಲ್ಲವಾದ್ದರಿಂದ ಹಾಸು ಹೊಸದಾಗಿಯೇ ಇತ್ತು.) ಈಗ ಅದು ಸರಿಯಾಗಿ ನಡುವಿಗೆ ಸೀಳಿ, ಎರಡು ಕಡೆಗೂ ಇಳಿಬಿದ್ದಿತ್ತು. ಅವಳು ಹಾಸನ್ನು ನೋಡಿದಳು, ನನ್ನನ್ನು ನೋಡಿದಳು, ಆಲೂಗಡ್ಡೆಯನ್ನು ನೋಡಿದಳು. ಆ ಮೂವರಲ್ಲಿ ಆಲೂಗಡ್ಡೆಯೊಂದೇ ಬುದ್ಧಿವಂತ ಎನ್ನುವ ತೀರ್ಮಾನ ಅವಳ ಮುಖದ ಮೇಲೆ ಕಾಣಿಸಿತು.

“ಇದು ಹಸುವಿನ ಮುಂಭಾಗ,” ಎಂದು ನಾನು ಎಡಗಡೆಯ ತುಂಡನ್ನು ತೋರಿಸಿದೆ. “ಇದು ಹಿಂಭಾಗ.”

“ಮತ್ತೆ ನೀನು?” ಎಂದಳು. “ನೀನು ಯಾವ ಭಾಗ?”

ಆ ಪ್ರಶ್ನೆಗೆ ಉತ್ತರ ಸಿಗಲು ಇನ್ನೂ ಸ್ವಲ್ಪ ಕಾಲವಿತ್ತು. ಅದಕ್ಕೆ ಮೊದಲು ಈ ಹಸು ನಮ್ಮ ಮನೆಗೆ ಬಂದದ್ದು ಹೇಗೆಂದು ಹೇಳಿಬಿಡುತ್ತೇನೆ.

ಅದರ ಹಿಂದಿನ ಭಾನುವಾರ ಆರ್ಲೀನಳ ಅಕ್ಕ ಬರ್ನಡೀನಳ ಮನೆಯಲ್ಲಿ ಊಟ. ಅವಳ ಗಂಡ ರೋಲಂಡ್ ಟ್ರ್ಯಾಕ್ಟರ್ ಮಾರುತ್ತಾನೆ. ಮನುಷ್ಯ ಮಾತಾಡುವುದೂ ಹಾಗೆಯೇ, ಮೊದಲ ಸಲ ಕೀಲಿ ತಿರುಗಿಸಿದರೆ ಸಾಕು, ಹೊಲವೆಲ್ಲಾ ಉತ್ತು ಮುಗಿಯುವವರೆಗೂ ನಿಲ್ಲುವುದಿಲ್ಲ. ಬಿಯರಿನಲ್ಲಿ ಬೇಯಿಸಿದ ಸಾಸೇಜನ್ನು ನನ್ನ ತಟ್ಟೆಗೆ ಬಡಿಸುತ್ತಾ ಅವನು ಕೇಳಿದ: “ಏನ್ ಎಲ್ಡನ್, ಹ್ಯಾಲೋವೀನ್ ಬಂತಲ್ಲ. ಈ ಸಲಾನೂ ಹಾಸಿಗೆಯಿಂದ ಎದ್ದು ಹಂಗೇ ಬಂದ್ಬಿಡ್ತೀಯೋ?”

ಅವನು ಕುಟುಕಿದ್ದು ನನ್ನ ವೇಷವನ್ನು. ನಮ್ಮ ಊರಿನ ಅಗ್ನಿಶಾಮಕ ದಳದ ಹಾಲ್‌ನಲ್ಲಿ ಪ್ರತಿ ಹ್ಯಾಲೋವೀನಿಗೂ ದೊಡ್ಡವರ ವೇಷದ ಸ್ಪರ್ಧೆ ನಡೆಯುತ್ತದೆ. ಮದುವೆಯಾದಾಗಿನಿಂದ ನಾನು ಅಲ್ಲಿಗೆ ದೆವ್ವವಾಗಿಯೇ ಹೋಗುತ್ತಿದ್ದೇನೆ. ಒಂದು ಹಾಸು, ಎರಡು ತೂತು. ಆರ್ಲೀನ್ ತನ್ನ ಮಾಮೂಲಿ ಬಟ್ಟೆಯಲ್ಲೇ ಬರುತ್ತಾಳೆ. ಯಾರಾದರೂ ಕೇಳಿದರೆ “ನಾನು ದೆವ್ವದ ಹೆಂಡತಿ, ಮುಖ ನೋಡಿದ್ರೆ ಗೊತ್ತಾಗಲ್ವಾ?” ಎನ್ನುತ್ತಾಳೆ. ರೋಲಂಡ್ ಮತ್ತು ಬರ್ನಡೀನ್ ಮಾತ್ರ ಚಿಕಾಗೋದಿಂದ ಪೆಟ್ಟಿಗೆಗಟ್ಟಲೆ ವೇಷ ತರಿಸುತ್ತಾರೆ. ಹೋದ ವರ್ಷ ಮೈತುಂಬಾ ದೀಪ ಮಿಣುಕುವ ಗಗನಯಾತ್ರಿಗಳಾಗಿ ಬಂದು ಗೆದ್ದರು. ಅದರ ಹಿಂದಿನ ವರ್ಷ ಕಡಲ್ಗಳ್ಳರಾಗಿ ಗೆದ್ದರು.

ಗೆದ್ದವರಿಗೆ ಸಿಗುವುದು ಒಂದು ನೀಲಿ ರಿಬ್ಬನ್, ಅದರ ಜೊತೆಗೆ ಮೊದಲ ಪೋಲ್ಕಾ ಕುಣಿತ. ಹಾಲ್‌ನ ನೆಲವನ್ನೆಲ್ಲಾ ಖಾಲಿ ಮಾಡಿಕೊಡುತ್ತಾರೆ. ಅಕಾರ್ಡಿಯನ್ ಒಮ್ಮೆ ಉಸಿರೆಳೆದುಕೊಳ್ಳುತ್ತದೆ. ಗೆದ್ದ ಜೋಡಿ ಮಾತ್ರ ಆ ನೆಲವನ್ನೆಲ್ಲಾ ಒಂದು ಸುತ್ತು ಕುಣಿಯಬೇಕು; ಉಳಿದವರು ಗೋಡೆಗೆ ಒರಗಿ ಚಪ್ಪಾಳೆ ತಟ್ಟಬೇಕು. ಆಮೇಲೆಯೇ ಮಿಕ್ಕವರ ಕಾಲಿಗೆ ಅನುಮತಿ.

ನಾನು ಆರ್ಲೀನಳನ್ನು ಮೊದಲು ನೋಡಿದ್ದು ಅವಳು ಕುಣಿಯುವಾಗ. ಅವಳು ನೆಲವನ್ನು ಮುಟ್ಟುತ್ತಿದ್ದಳೆಂದು ಪ್ರಮಾಣ ಮಾಡಿ ಹೇಳಲಾರೆ. ಅಂಥವಳು ನನ್ನನ್ನು ಮದುವೆಯಾದಳು. ನನ್ನ ಎರಡು ಕಾಲುಗಳಿಗೆ ಒಂದಕ್ಕೊಂದು ಪರಿಚಯವಿಲ್ಲ. ಅಂದಿನಿಂದ ಅವಳು ಗೋಡೆಗೆ ಒರಗಿ ಚಪ್ಪಾಳೆ ತಟ್ಟುತ್ತಿದ್ದಾಳೆ.

ಹೋದ ವರ್ಷ ಹಾಲ್‌ನಿಂದ ಹಿಂದಿರುಗುವಾಗ ಕಾರಿನ ಕಿಟಕಿಯ ಕಡೆಗೆ ಮುಖ ಮಾಡಿಕೊಂಡು ಅವಳು ಹೇಳಿದ್ದಳು: “ಆ ಖಾಲಿ ನೆಲದ ಮೇಲೆ ಒಂದೇ ಒಂದು ಸುತ್ತು, ಎಲ್ಡನ್. ಅದಕ್ಕಿಂತ ಜಾಸ್ತಿ ನಂಗೇನೂ ಬೇಡ.” ಕಿಟಕಿಯ ಗಾಜಿನ ಮೇಲೆ ಅವಳ ಉಸಿರಿನ ಮಂಜು ಕಟ್ಟಿ, ನಿಧಾನವಾಗಿ ಕರಗಿತು.

ಅದು ನೆನಪಾಗಿಯೋ, ಅಥವಾ ರೋಲಂಡನ ಮನೆಯ ಸಾಸಿವೆ ಮೂಗಿಗೆ ಏರಿಯೋ, ನಾನು ಫೋರ್ಕನ್ನು ಮೇಜಿನ ಮೇಲೆ ಕುಕ್ಕಿ ಘನಘೋರ ಪ್ರತಿಜ್ಞೆಯೊಂದನ್ನು ಮಾಡಿಬಿಟ್ಟೆ.

“ಈ ಸಲ ಮೊದಲ ಪೋಲ್ಕಾ ಆರ್ಲೀನ್‌ದು. ಇಬ್ಬರಿಗೂ ವೇಷ ನಾನೇ ಮಾಡ್ತೀನಿ. ಅಂಗಡಿಯಿಂದ ಒಂದು ಗುಂಡುಸೂಜೀನೂ ತರಲ್ಲ. ಮನೇಲಿರೋದ್ರಲ್ಲೇ ಮಾಡ್ತೀನಿ.”

“ನಿಮ್ಮನೇಲಿ ಏನಿದೆ ಅಂತ?” ಎಂದು ರೋಲಂಡ್ ನಕ್ಕ.

“ಛಲ ಇದೆ,” ಎಂದೆ.

“ಅದನ್ನ ಉಟ್ಕೊಂಡು ಬರಕ್ಕಾಗಲ್ಲ ಕಣೋ, ಚಳಿ ಆಗುತ್ತೆ.”

ಬರ್ನಡೀನ್ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದಳು. ಆರ್ಲೀನ್ ನಗಲಿಲ್ಲ. ಮೇಜಿನ ಕೆಳಗೆ ಅವಳು ನನ್ನ ಕೈಯನ್ನು ಮೆಲ್ಲಗೆ ಅದುಮಿದಳು. (ಆಮೇಲೆ ಗೊತ್ತಾಯಿತು, ಬಾಯಿ ಮುಚ್ಚು ಎಂದು ಅದರ ಅರ್ಥ.)

ಹಸುವಿನ ಐಡಿಯಾ ಬಂದದ್ದು ಮರುದಿನ, ಕೆಲಸದ ನಡುವೆ. ನಾನು ಹಾಲಿನ ಲಾರಿ ಓಡಿಸುತ್ತೇನೆ. ನಮ್ಮ ವಿಸ್ಕಾನ್ಸಿನ್‌ನ ಈ ಮೂಲೆಯಲ್ಲಿ ಮನುಷ್ಯರಿಗಿಂತ ಹಸುಗಳೇ ಹೆಚ್ಚು; ಮನೆಮನೆಯ ಕೊಟ್ಟಿಗೆಗೆ ಹೋಗಿ, ತಣ್ಣಗಿನ ತೊಟ್ಟಿಗೆ ಪೈಪು ಹಾಕಿ, ಹಾಲನ್ನು ಲಾರಿಗೆ ಎಳೆದುಕೊಳ್ಳುವುದು ನನ್ನ ಕೆಲಸ. ಪೈಪು ಗೊರಗುಡುತ್ತಿರುವಾಗ ಬೇಲಿಯಾಚೆಯಿಂದ ಒಂದು ಕಪ್ಪು ಬಿಳಿ ಹಸು ನನ್ನನ್ನೇ ನೋಡುತ್ತಾ ನಿಂತಿತ್ತು. ಒಂದೇ ಹಸು, ಆದರೆ ನಾಲ್ಕು ಕಾಲು. ನಾಲ್ಕು ಕಾಲು ಎಂದರೆ ಇಬ್ಬರು ಮನುಷ್ಯರು. ಇಬ್ಬರಿಗೂ ಸೇರಿ ಒಂದೇ ವೇಷ! ಇದಕ್ಕಿಂತ ಅಗ್ಗವಾದ ವೇಷ ಭೂಮಿಯ ಮೇಲೆ ಎಲ್ಲಿದೆ?

ಆರ್ಲೀನಳಿಗೆ ಹೇಳಿದಾಗ ಅವಳು ಕೈಲಿದ್ದ ಕೆಲಸ ಬಿಟ್ಟು ತಿರುಗಿದಳು.

“ಹಸುವಾ? ಈ ಊರಲ್ಲಾ? ದಿನಾ ಬೆಳಗಾದ್ರೆ ಹಸು ಮುಖ ನೋಡಿ ಸಾಕಾಗಿ, ಒಂದು ಸಂಜೆ ಮರೆಯೋಣ ಅಂತ ಬರ್ತಾರೆ ಜನ. ಅವರ ಮುಂದೆ ಹೋಗಿ ಹಸು ನಿಲ್ಲಿಸ್ತೀಯಾ?”

“ಅದಕ್ಕೇ ಕಣೇ ಹಸು! ಗಗನಯಾತ್ರಿ ಹೇಗಿರ್ತಾನೆ ಅಂತ ಇಲ್ಲಿ ಯಾರು ನೋಡಿದಾರೆ? ಹಸು ಎಲ್ಲರಿಗೂ ಗೊತ್ತು. ಗೊತ್ತಿರೋದನ್ನ ಸರಿಯಾಗಿ ಮಾಡಿದ್ರೆ ಜನ ತಲೆಬಾಗ್ತಾರೆ.”

“ತಪ್ಪಾಗಿ ಮಾಡಿದ್ರೆ?”

ಇಂಥ ಪ್ರಶ್ನೆಗಳಿಗೆ ದೃಢಸಂಕಲ್ಪದ ಗಂಡಸು ಉತ್ತರ ಕೊಡುವುದಿಲ್ಲ. ನಾನು ಬೀರುವಿನ ಕಡೆಗೆ ನಡೆದೆ.

ಹೀಗೆ ಹಾಸು ಹರಿಯಿತು. ಮುಂದಿನದು ಶಿರೋನಿರ್ಮಾಣ. ನೆಲಮಾಳಿಗೆಯಲ್ಲಿ ಹಳೆಯ ಕೋಳಿಗೂಡಿನ ತಂತಿಬಲೆಯಿತ್ತು. ಅದನ್ನು ನನ್ನ ತಲೆಗೇ ಸುತ್ತಿ ಅಳತೆ ತೆಗೆದುಕೊಂಡೆ, ಏಕೆಂದರೆ ಮುಂಭಾಗ ನಾನೇ ಎಂಬ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ. ಐಡಿಯಾ ಯಾರದೋ ತಲೆ ಅವರದು. ಮೈದಾ ಹಿಟ್ಟಿನ ಅಂಟು ಕಾಯಿಸಿ, ಹಳೆಯ ಪತ್ರಿಕೆಗಳನ್ನು ಚೂರು ಮಾಡಿ, ಪದರ ಪದರವಾಗಿ ಮೆತ್ತಿದೆ. ಅಂಟು ಮೆಟ್ಟಿಲಿಗೆ ಹತ್ತಿತು, ನಾಯಿಗೆ ಹತ್ತಿತು, ನನ್ನ ಹುಬ್ಬಿಗೆ ಹತ್ತಿತು. ಬೇಗ ಒಣಗಲೆಂದು ಮನೆ ಕಾಯಿಸುವ ಕುಲುಮೆಯ ಪಕ್ಕದಲ್ಲೇ ಇಟ್ಟೆ.

ಒಣಗಿತು. ಎಷ್ಟು ಚೆನ್ನಾಗಿ ಒಣಗಿತೆಂದರೆ, ಕುಗ್ಗಿಯೂ ಬಿಟ್ಟಿತ್ತು. ಹಾಕಿಕೊಳ್ಳಲು ಹೋದರೆ ಕಿವಿಯವರೆಗೆ ಇಳಿದು ನಿಂತಿತು. ಕೆಳಗೂ ಹೋಗದು, ಮೇಲೂ ಬರದು.

“ಆರ್ಲೀನ್!” ಎಂದು ಕೂಗಿದೆ. ತಂತಿಯೊಳಗಿಂದ ನನ್ನ ದನಿ ನಿಜಕ್ಕೂ ದನದ ದನಿಯಂತೆಯೇ ಕೇಳಿಸಿತು. ಆ ಕಷ್ಟದಲ್ಲೂ ನನಗೆ ಅದು ಶುಭಸೂಚನೆಯಾಗಿ ತೋರಿತು.

ಅವಳು ಬಂದು ಎರಡು ಕೈಯಿಂದ ಕೊಂಬಿನ ಜಾಗ ಹಿಡಿದು, ಒಂದು ಕಾಲನ್ನು ನನ್ನ ಭುಜಕ್ಕೆ ಕೊಟ್ಟು ಎಳೆದಳು. ನನ್ನ ಮೂಗಿನ ಚರ್ಮ ಒಂದಿಷ್ಟು ಒಳಗೇ ಉಳಿಯಿತು.

“ಕೊಡು ಇಲ್ಲಿ,” ಎಂದು ಅವಳು ತಲೆಯನ್ನು ತಾನೇ ಹಾಕಿಕೊಂಡಳು. ಬೆಣ್ಣೆಯಂತೆ ಇಳಿಯಿತು. ಅಲ್ಲಾಡಿಸಿದಳು. ಬಾಗಿದಳು. ತಿರುಗಿ ನನ್ನನ್ನು ನೋಡಿದಳು.

“ಸರಿ,” ಎಂದಳು ಹಸುವಿನೊಳಗಿಂದ. “ನೀನು ಯಾವ ಭಾಗ ಅಂತ ಗೊತ್ತಾಯ್ತಲ್ಲ.”

“ಇನ್ನೊಂದು ತಲೆ ಮಾಡ್ತೀನಿ. ದೊಡ್ಡದು.”

“ಮೈದಾ ಇಲ್ಲ. ಅಂಗಡಿಯಿಂದ ತರಲ್ಲ ಅಂದಿದೀಯ.”

ನನ್ನ ಪ್ರತಿಜ್ಞೆಗೆ ನಾನೇ ಬಲಿಯಾದೆ. ಆದರೂ ಒಂದು ಮಾತು ಒಪ್ಪಲೇಬೇಕು. ಅಲ್ಲಿಂದಾಚೆಗೆ ಆ ತಲೆಯನ್ನು ಅವಳು ಕೈಗೆತ್ತಿಕೊಂಡಳು. ಸಂಜೆ ಪಾತ್ರೆ ತೊಳೆದಾದ ಮೇಲೆ ಅಡುಗೆಮನೆಯ ದೀಪದ ಕೆಳಗೆ ಕೂತು, ನನ್ನ ಹಳೆಯ ಉಣ್ಣೆಯ ಚಪ್ಪಲಿಗಳಿಂದ ಕಿವಿ ಕತ್ತರಿಸಿದಳು. ಪೊರಕೆಯ ಕಡ್ಡಿ ಬಿಡಿಸಿ ರೆಪ್ಪೆ ಅಂಟಿಸಿದಳು. ತನ್ನ ಹಸಿರು ಕೋಟಿನ ದೊಡ್ಡ ಗುಂಡಿಗಳನ್ನು ಕಿತ್ತು ಕಣ್ಣಿಗಿಟ್ಟಳು. ದಿನದಿಂದ ದಿನಕ್ಕೆ ನನ್ನ ಮುದ್ದೆಯೊಳಗಿಂದ ಒಂದು ಜೀವ ಹೊರಗೆ ಇಣುಕತೊಡಗಿತು. ಮುಂಜಾನೆಯ ಇಬ್ಬನಿಯಲ್ಲಿ ಬೇಲಿಯ ಬಳಿ ನಿಂತು, ಯಾರದೋ ಹೆಜ್ಜೆಯ ಸದ್ದಿಗೆ ಕತ್ತು ಹೊರಳಿಸುವ ಹಸುವಿನ ಮುಖ. ಅದರ ಬಾಯಿಯ ಮೂಲೆಯಲ್ಲಿ ಸಣ್ಣ ನಗು ಇತ್ತೋ ಏನೋ. ನಾನು ಕಾಫಿ ಕುಡಿಯುತ್ತಾ ಅದನ್ನು ನೋಡುತ್ತಾ ಕೂತರೆ ಕಾಫಿ ಆರಿಹೋಗುತ್ತಿತ್ತು.

ಅವಳು ತಲೆಯಲ್ಲಿ ಮುಳುಗಿದ್ದಾಗ ನಾನು ಹಿಂಭಾಗದ ಮೇಲೆ ನನ್ನ ಪ್ರತಿಭೆಯನ್ನೆಲ್ಲಾ ಸುರಿದೆ. ಹಾಸಿನ ಮೇಲೆ ಬೂಟ್ ಪಾಲಿಶ್‌ನಿಂದ ಕಪ್ಪು ಮಚ್ಚೆ ಬರೆದೆ. ಮನೆಯಲ್ಲಿದ್ದ ಡಬ್ಬಗಳೆಲ್ಲಾ ಖಾಲಿಯಾದವು. ನೆಲ ಒರೆಸುವ ಮಾಪಿನ ದಾರದಿಂದ ಬಾಲ ಮಾಡಿದೆ. ಕೆಸರಿಗೆ ಹಾಕುವ ರಬ್ಬರ್ ಬೂಟುಗಳೇ ಗೊರಸು. ಎರಡು ಭಾಗಗಳನ್ನೂ ನಡುವಿನಲ್ಲಿ ಕೂಡಿಸಲು ಹಳೆಯ ಗುಂಡಿಗಳ ಒಂದು ಸಾಲು.

ಇನ್ನು ಉಳಿದದ್ದು ಕೆಚ್ಚಲು. ಹಾಲಿನ ಊರಿಗೆ ಕೆಚ್ಚಲಿಲ್ಲದ ಹಸುವನ್ನು ಕರೆದುಕೊಂಡು ಹೋಗುವುದೆಂದರೆ ಚರ್ಚಿಗೆ ಪ್ಯಾಂಟಿಲ್ಲದೆ ಹೋದಂತೆ. ಮನೆಯೆಲ್ಲಾ ಹುಡುಕಿದೆ. ಕೊನೆಗೆ ಸಿಂಕಿನ ಅಂಚಿನಲ್ಲಿ, ನಲ್ಲಿಯ ಪಕ್ಕದಲ್ಲಿ, ಅದು ನನಗಾಗಿಯೇ ಕಾದುಕೊಂಡಿತ್ತು: ಆರ್ಲೀನ್ ಪಾತ್ರೆ ತೊಳೆಯಲು ಹಾಕಿಕೊಳ್ಳುವ ಗುಲಾಬಿ ರಬ್ಬರ್ ಕೈಗವಸು. ಆಹಾ, ಬಣ್ಣ ಅದೇ. ನುಣುಪು ಅದೇ. ಹಳೆಯ ಕಾಲುಚೀಲಗಳನ್ನು ತುರುಕಿದಾಗ ಉಬ್ಬಿದ ರೀತಿಯೂ ಅದೇ. ಕೈಗವಸು ಮುಟ್ಟಿದರೆ ಅವಳು ಸುಮ್ಮನಿರುವವಳಲ್ಲವಾದ್ದರಿಂದ, ಇದನ್ನು ಮಾತ್ರ ಗುಟ್ಟಾಗಿ ಗ್ಯಾರೇಜಿನಲ್ಲಿ ಕೂತು ಹೊಲಿದೆ. ಬೆರಳಿಗೆ ಸೂಜಿ ಚುಚ್ಚಿಸಿಕೊಂಡ ಲೆಕ್ಕವಿಲ್ಲ. ಮುಗಿದ ಮೇಲೆ ದೂರ ನಿಂತು ನೋಡಿ ಕಣ್ಣು ತುಂಬಿಬಂತು.

ಮರುದಿನ ಅಡುಗೆಮನೆಯಲ್ಲಿ ಒಂದು ಕೈಗವಸಿಗಾಗಿ ಹುಡುಕಾಟ ನಡೆದಾಗ ನಾನು ನಾಯಿಯ ಕಡೆಗೆ ನೋಡಿದೆ. ನಾಯಿ ಪಾಪ ಏನೂ ಹೇಳಲಿಲ್ಲ.

ನಡೆಯುವ ಅಭ್ಯಾಸ ನಮ್ಮ ಬೈಠಕ್‌ಖಾನೆಯಲ್ಲಾಯಿತು. ನಾನು ಸೊಂಟ ಬಗ್ಗಿಸಿ ಆರ್ಲೀನಳ ಬೆಲ್ಟ್ ಹಿಡಿದುಕೊಳ್ಳಬೇಕು. ಒಳಗೆ ಕತ್ತಲು. ಅವಳು ಕಾಲಿನ ಲೆಕ್ಕ ಹೇಳಬೇಕು.

“ಎಡ, ಬಲ. ಎಡ, ಬಲ. ಎಲ್ಡನ್, ಎಡ ಅಂದೆ!”

“ಇದೇ ಎಡ!”

“ನಿನ್ನ ಎಡ ಅಲ್ಲ, ಹಸುವಿನ ಎಡ!”

“ಹಸುವಿನ ಎಡ ಬೇರೆ ಇರುತ್ತಾ?”

“ನಿನ್ನ ವಿಷಯದಲ್ಲಿ ಏನು ಬೇಕಾದ್ರೂ ಇರುತ್ತೆ.”

ದೀಪದ ಕಂಬ ಒಂದು ಬಿತ್ತು. ಅವಳ ಅಮ್ಮನ ಹೂದಾನಿ ಬೀಳಲಿಲ್ಲ, ಬಿದ್ದಿದ್ದರೆ ನಾನು ಇದನ್ನು ಹೇಳಲು ಉಳಿಯುತ್ತಿರಲಿಲ್ಲ. ಆದರೆ ಒಂದು ಸಂಜೆ, ಹೇಗೋ ಏನೋ, ನಾಲ್ಕೂ ಕಾಲುಗಳು ಕೂಡಿದವು. ಸೋಫಾವನ್ನು ಬಳಸಿಕೊಂಡು ಒಂದು ಪೂರ್ತಿ ಸುತ್ತು ಬಂದೆವು. ಅವಳು ಬಾಯಲ್ಲೇ ಪೋಲ್ಕಾದ ಧಾಟಿ ಗುನುಗುತ್ತಿದ್ದಳು. ಬೆಲ್ಟಿನ ಮೂಲಕ ಅವಳ ಸೊಂಟದ ಲಯ ನನ್ನ ಕೈಗೆ ಇಳಿದು, ಅಲ್ಲಿಂದ ಕಾಲಿಗೆ ಹೋಯಿತು. ಮೊದಲ ಬಾರಿಗೆ ನನ್ನ ಕಾಲುಗಳು ಒಂದನ್ನೊಂದು ಗುರುತು ಹಿಡಿದವು. ಕತ್ತಲಲ್ಲಿ ಬಗ್ಗಿ ನಿಂತೇ ನಾನು ನಿಶ್ಚಯಿಸಿದೆ: ಗೆಲ್ಲಲೇಬೇಕು. ಆ ಖಾಲಿ ನೆಲದ ಮೇಲೆ ಇವಳ ಹಿಂದೆ ಹೀಗೇ ಒಂದು ಸುತ್ತು ಹೋಗಲೇಬೇಕು.

ಹ್ಯಾಲೋವೀನ್ ಸಂಜೆ ಹಾಲ್‌ನ ಬಾಗಿಲಲ್ಲೇ ಸಿಹಿಸುದ್ದಿ ಸಿಕ್ಕಿತು. ಪ್ರತಿ ವರ್ಷ ತೀರ್ಪು ಕೊಡುತ್ತಿದ್ದವರು ನಮ್ಮ ಪಾದ್ರಿಯ ಹೆಂಡತಿ. ಆಕೆಗೆ ಮಿಣುಕುವುದೆಲ್ಲಾ ಇಷ್ಟ. ಈ ಸಲ ಆಕೆ ಮೆಟ್ಟಿಲಿಂದ ಜಾರಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. (ನನಗೆ ಮರುಕವಾಯಿತು. ಆದರೆ ಬಹಳ ಹೊತ್ತು ಆಗಲಿಲ್ಲ.) ಅವರ ಬದಲಿಗೆ ಬಂದವರು ಅಲೋಯ್ಸ್ ಕ್ರೌಸೆ. ಜೀವಮಾನವೆಲ್ಲಾ ಹಸು ಸಾಕಿದವರು. ಜಿಲ್ಲೆಯ ಜಾತ್ರೆಯಲ್ಲಿ ಹಸುಗಳಿಗೆ ಬಹುಮಾನ ಕೊಡುವ ತೀರ್ಪುಗಾರರು. ತೀರ್ಪು ಕೊಟ್ಟು ರೂಢಿಯಿರುವವರು ಊರಲ್ಲಿ ಇನ್ನಾರೂ ಇಲ್ಲವೆಂದು ಅವರನ್ನೇ ಹಿಡಿದು ತಂದಿದ್ದರು.

“ಕೇಳಿದ್ಯಾ ಆರ್ಲೀನ್! ಹಸು ಬಲ್ಲವರೇ ತೀರ್ಪುಗಾರರು! ಇನ್ನೇನು, ಗೆದ್ದ ಹಾಗೇ!”

“ಅದೇ ನಂಗೆ ಭಯ,” ಎಂದಿತು ಹಸುವಿನ ತಲೆ.

ರೋಲಂಡ್ ರಾಜನಾಗಿ, ಬರ್ನಡೀನ್ ರಾಣಿಯಾಗಿ ಬಂದಿದ್ದರು. ರಾಣಿಯ ಮೈಮೇಲೆ ಬಿಳಿ ಸ್ಯಾಟಿನ್ನಿನ ನೆಲಗುಡಿಸುವ ನಿಲುವಂಗಿ ಇತ್ತಂತೆ. ನನಗೆ ಏನೂ ಕಾಣುವಂತಿರಲಿಲ್ಲ, ಆರ್ಲೀನ್ ಪಿಸುದನಿಯಲ್ಲಿ ವರದಿ ಮಾಡುತ್ತಿದ್ದಳು. ಆದರೆ ನಾವು ಒಳಗೆ ಕಾಲಿಟ್ಟಾಗ ಹಾಲ್ ಒಮ್ಮೆಲೆ ಸ್ತಬ್ಧವಾದದ್ದು ನನಗೂ ಕೇಳಿಸಿತು. ಆಮೇಲೆ ಯಾರೋ ಹೆಂಗಸು “ಅಯ್ಯೋ, ಮುಖ ನೋಡ್ರೇ ಅದರ್ದು!” ಎಂದಳು. ಜನ ಸುತ್ತ ಸೇರಿದರು. ಮೈ ಸವರಿದರು. ಬರ್ನಡೀನ್ ಕೂಡ ತಂಗಿಯನ್ನು ತಬ್ಬಿಕೊಂಡಳು.

ಬೂಟ್ ಪಾಲಿಶ್ ಬಟ್ಟೆಯ ಮೇಲೆ ಒಣಗುವುದಿಲ್ಲ ಎಂಬ ಸಂಗತಿ ಆಗ ಎಲ್ಲರಿಗೂ ತಿಳಿಯಿತು.

“ರೋಲಂಡ್! ನನ್ನ ಎದೆ ನೋಡು!” ಎಂದು ರಾಣಿ ಕಿರುಚಿದಳು.

“ಎಲ್ಡನ್!” ಎಂದು ರಾಜ ಗರ್ಜಿಸಿದ. “ಬಾಡಿಗೆ ಬಟ್ಟೆ ಕಣಯ್ಯಾ ಅದು!”

“ಹಸು ತಬ್ಕೋ ಅಂತ ಯಾರು ಹೇಳಿದ್ರು?” ಎಂದು ನಾನು ಹಿಂದಿನಿಂದ ಕೂಗಿದೆ. ಹಸುವಿನ ಆ ಭಾಗದಿಂದ ಮಾತು ಬಂದದ್ದಕ್ಕೆ ಹಾಲ್ ಬಿದ್ದು ಬಿದ್ದು ನಕ್ಕಿತು. ನನಗೆ ಧೈರ್ಯ ಬಂತು. ಇನ್ನು ರಾಣಿಯ ಕಥೆ ಮುಗಿಯಿತು. ಎದುರಿಗೆ ಯಾರೂ ಇಲ್ಲ.

ಆಗ ಕ್ರೌಸೆಯವರ ಊರುಗೋಲಿನ ಸದ್ದು ಹತ್ತಿರ ಬಂತು. ಟಕ್. ಟಕ್. ಅವರು ಉಳಿದ ವೇಷಗಳ ಮುಂದೆ ನಿಲ್ಲದೆ ಸಾಗಿ ಬಂದು ನಮ್ಮ ಮುಂದೆ ನಿಂತರು. ಜಾತ್ರೆಯಲ್ಲಿ ನಿಲ್ಲುವ ಹಾಗೆಯೇ ನಿಂತಿರಬೇಕು, ಏಕೆಂದರೆ ಜನ ತಾವಾಗಿಯೇ ಸರಿದು ವೃತ್ತ ಬಿಟ್ಟರು.

“ನಡೆಸಿ,” ಎಂದರು.

ನಾವು ನಡೆದೆವು. ಎಡ, ಬಲ.

“ತಲೆ ಒಳ್ಳೇದು,” ಎಂದರು. “ಅಗಲ ಹಣೆ. ಕಣ್ಣಲ್ಲಿ ಶಾಂತಿ ಇದೆ. ಕಿವಿ ಚುರುಕು. ಕತ್ತು ಸಲೀಸಾಗಿ ಭುಜಕ್ಕೆ ಸೇರಿದೆ.” ಆರ್ಲೀನಳ ಬೆಲ್ಟ್ ಸ್ವಲ್ಪ ಮೇಲಕ್ಕೆ ಎದ್ದಿತು, ಅವಳು ನೆಟ್ಟಗಾಗಿದ್ದಳು.

ಊರುಗೋಲು ಹಿಂದಕ್ಕೆ ಬಂತು. “ಹೂಂ. ಬೆನ್ನು ಇಲ್ಲಿ ಕುಸಿದಿದೆ. ಹಿಂಗಾಲು ಒಳಕ್ಕೆ ತಿರುಗಿವೆ. ಮಂಡಿ ಒಂದಕ್ಕೊಂದು ತಾಗುತ್ತಾ ಇವೆ. ನಿಂತ ರೀತಿ ನೋಡಿದ್ರೆ ಗೊರಸಿನಲ್ಲಿ ಏನೋ ಹುಣ್ಣು.”

“ಬೂಟು ಬಿಗಿ ಇದೆ ಅಷ್ಟೇ,” ಎಂದೆ.

“ಸುಮ್ನಿರು,” ಎಂದಳು ಆರ್ಲೀನ್.

ಕ್ರೌಸೆ ಬಹಳ ಕಷ್ಟಪಟ್ಟು, ಕೀಲು ಕೀಲು ಸದ್ದು ಮಾಡುತ್ತಾ, ಬಗ್ಗಿದರು. ನನ್ನ ಹೊಟ್ಟೆಯ ಕೆಳಗೆ ಅವರ ಉಸಿರು ಕೇಳಿಸಿತು. ನಾನು ಹೆಮ್ಮೆಯಿಂದ ಕಾದೆ.

“ಐದು,” ಎಂದರು.

“ಏನೈದು?” ಎಂದಳು ಆರ್ಲೀನ್ ಮುಂದಿನಿಂದ.

“ಮೊಲೆ. ಐದಿವೆ.”

ಹಾಲ್ ಸಿಡಿಯಿತು. ಹಾಲು ಕರೆದೇ ಬದುಕಿದ ಊರು ಅದು; ಹಸುವಿಗೆ ನಾಲ್ಕೇ ಎಂದು ಅಲ್ಲಿ ಕೂಸಿಗೂ ಗೊತ್ತು. ಅಜ್ಜಿಯರು ಕಣ್ಣೊರೆಸಿಕೊಂಡು ನಕ್ಕರು. ಯಾರೋ “ಕತ್ತರಿ ತನ್ರೋ!” ಎಂದು ಕೂಗಿದರು. ಮತ್ತೊಬ್ಬರು “ಐದನೇದು ರೋಲಂಡ್‌ಗೆ!” ಎಂದರು.

ಲಾರಿಯವನಾದ ನನ್ನ ಸಂಕಟ ನಿಮಗೆ ಅರ್ಥವಾಗಬೇಕು. ಹಾಲನ್ನು ನಾನು ನೋಡುವುದು ತೊಟ್ಟಿಯಲ್ಲಿ. ಅದು ತೊಟ್ಟಿಗೆ ಬರುವ ಮೊದಲು ಎಷ್ಟು ದಾರಿ ಹಿಡಿದು ಬರುತ್ತದೆಂದು ಎಣಿಸುವ ಸಂದರ್ಭವೇ ಬಂದಿರಲಿಲ್ಲ.

“ಅದು ಮೊಲೆ ಅಲ್ಲ!” ಎಂದು ಕೂಗಿದೆ. “ಅದು ಹೆಬ್ಬೆರಳು!”

“ಹಸುವಿಗೆ ಹೆಬ್ಬೆರಳಿರಲ್ಲ, ಮಗಾ,” ಎಂದರು ಕ್ರೌಸೆ ಬಹಳ ಮೃದುವಾಗಿ. “ಇಂಥದ್ದನ್ನ ಕರುವಾಗಿದ್ದಾಗಲೇ ತೆಗೆಸಬೇಕಿತ್ತು. ಈಗ ತಡ ಆಯ್ತು.”

ಹಸುವಿನ ಮುಂಭಾಗ ತಟ್ಟನೆ ನಿಂತಿತು.

“ಎಲ್ಡನ್. ಅದು ನನ್ನ ಕೈಗವಸಾ?”

“ಆಮೇಲೆ ಮಾತಾಡೋಣ.”

“ನಾನು ಎಲ್ಲಾ ಕಡೆ ಹುಡುಕಿದೆ! ನಾಯಿಗೆ ಬೈದೆ!”

“ನಾಯಿ ಏನೂ ಅಂದ್ಕೊಂಡಿಲ್ಲ!”

“ಬರೀ ಕೈಯಲ್ಲಿ ಪಾತ್ರೆ ತೊಳ್ದು ತೊಳ್ದು ನನ್ನ ಕೈ ಹೇಗಾಗಿದೆ ಗೊತ್ತಾ? ಕೇಳಿದ್ರೆ ಹೇಳ್ತಿದ್ನಲ್ಲ, ಹೆಬ್ಬೆರಳು ಒಳಗೆ ಮಡಚಿ ಹೊಲಿ ಅಂತ!”

“ಕೇಳಿದ್ರೆ ಕೊಡ್ತಿರ್ಲಿಲ್ಲ!”

“ಹೌದು, ಕೊಡ್ತಿರ್ಲಿಲ್ಲ!”

ಒಂದು ಹಸು ತನ್ನ ಎರಡೂ ತುದಿಗಳಿಂದ ಹೀಗೆ ಜಗಳವಾಡುವುದನ್ನು ನಮ್ಮ ಊರು ಆವರೆಗೆ ಕಂಡಿರಲಿಲ್ಲ. ಅಕಾರ್ಡಿಯನ್‌ನವನು ನಗು ತಡೆಯಲಾರದೆ ವಾದ್ಯದ ಮೇಲೆ ಒರಗಿದಾಗ ಅದೂ ‘ಗೊಂಯ್’ ಎಂದಿತು. ಕ್ರೌಸೆ ಮಾತ್ರ ನಗಲಿಲ್ಲ. ಅವರು ಊರುಗೋಲಿನಿಂದ ನೆಲ ಕುಟ್ಟಿದರು. ಸದ್ದಡಗಿತು.

“ತೀರ್ಪು,” ಎಂದರು. “ಕೆಚ್ಚಲಲ್ಲಿ ಇಂಥ ದೋಷ ಇರೋ ಹಸೂಗೆ ನಾನು ಈವರೆಗೂ ರಿಬ್ಬನ್ ಕೊಟ್ಟಿಲ್ಲ. ಇವತ್ತೂ ಕೊಡಲ್ಲ.”

ನನ್ನ ಕೈಯಲ್ಲಿದ್ದ ಬೆಲ್ಟ್ ನಿಧಾನವಾಗಿ ಕೆಳಗಿಳಿಯಿತು. ಆ ಕತ್ತಲಲ್ಲಿ ಅವಳ ಬೆನ್ನು ನನ್ನ ಹಣೆಯಿಂದ ಒಂದು ಗೇಣು ದೂರದಲ್ಲಿತ್ತು, ಅದು ಒಮ್ಮೆ ಉಸಿರು ತೆಗೆದುಕೊಂಡು ಸುಮ್ಮನಾಯಿತು. ಕಾರಿನ ಕಿಟಕಿಯ ಕಡೆ ತಿರುಗಿದ್ದ ಬೆನ್ನು ಅದೇ. ಆಗ ನನಗಾದ ನಾಚಿಕೆ ಐದು ಮೊಲೆಯದ್ದಲ್ಲ.

“ಕ್ರೌಸೆಯವರೇ,” ಎಂದೆ, ಬಗ್ಗಿದಲ್ಲಿಂದಲೇ, ಇದ್ದ ದನಿಯನ್ನೆಲ್ಲಾ ಸೇರಿಸಿ. “ದೋಷ ಏನಿದ್ರೂ ಹಿಂದುಗಡೇದು. ಹಿಂದುಗಡೆ ನಾನು. ತಲೆ ಅವಳದ್ದು. ಪೂರ್ತಿ ಅವಳೇ ಮಾಡಿದ್ದು. ನನ್ನ ತಪ್ಪಿಗೆ ಅವಳ ರಿಬ್ಬನ್ ಹಿಡ್ಕೋಬೇಡಿ.”

ಜನ ಪಿಸುಗುಟ್ಟಿದರು. ಊರುಗೋಲು ಮುಂದಕ್ಕೆ ಹೋಯಿತು, ಹಿಂದಕ್ಕೆ ಬಂತು, ಮತ್ತೆ ಮುಂದಕ್ಕೆ ಹೋಯಿತು.

“ಅಲ್ಲ, ಇಷ್ಟು ವರ್ಷ ಯಾವ ಹಸುವಿನ ಹಿಂಭಾಗಾನೂ ನನ್ಹತ್ರ ಇಷ್ಟು ನ್ಯಾಯವಾಗಿ ಮಾತಾಡಿರ್ಲಿಲ್ಲ,” ಎಂದರು ಕ್ರೌಸೆ. “ಸರಿ. ಇಂಥ ತಲೆ ನಾನು ಜಾತ್ರೆಯಲ್ಲೂ ನೋಡಿಲ್ಲ. ಮುಂಭಾಗಕ್ಕೆ ಮೊದಲ ಬಹುಮಾನ. ಹಿಂಭಾಗ ಸ್ಪರ್ಧೆಯಿಂದ ಹೊರಗೆ.”

ಚಪ್ಪಾಳೆ ಬಿತ್ತು, ಮಳೆ ಹೊಡೆದ ಹಾಗೆ. ಕ್ರೌಸೆ ನೀಲಿ ರಿಬ್ಬನ್ನನ್ನು ನನ್ನ ಚಪ್ಪಲಿಯ ಕಿವಿಗೆ ಸಿಕ್ಕಿಸಿದರು ಎಂದು ಆಮೇಲೆ ತಿಳಿಯಿತು. ಜನ ಗೋಡೆಯ ಕಡೆಗೆ ಸರಿಯುವ ಸದ್ದು. ನೆಲ ಖಾಲಿಯಾಗುತ್ತಿತ್ತು. ಅಕಾರ್ಡಿಯನ್ ಉಸಿರೆಳೆದುಕೊಂಡಿತು.

ಗೆದ್ದೆವು! ಎಂದರೆ, ಅರ್ಧ ಗೆದ್ದೆವು. ನಾನು ಬೆಲ್ಟನ್ನು ಬಿಗಿಯಾಗಿ ಹಿಡಿದು, ಎಡಗಾಲನ್ನು (ಹಸುವಿನ ಎಡ) ಸಿದ್ಧ ಮಾಡಿಕೊಂಡೆ.

“ಮುಂಭಾಗಕ್ಕೆ ಒಂದು ಜೊತೆ ಬೇಕಲ್ಲ,” ಎಂದರು ಕ್ರೌಸೆ. “ನನ್ನ ಮಂಡಿ ಇನ್ನೂ ಒಂದು ಸುತ್ತಿಗೆ ಸಾಲುತ್ತೆ. ಏನಂತೀಯಮ್ಮಾ ಆರ್ಲೀನ್?”

“ಒಂದ್ನಿಮಿಷ, ಒಂದ್ನಿಮಿಷ!” ಎಂದೆ ನಾನು. “ಜೊತೆ ಇಲ್ಲೇ ಇದೆ! ಆರ್ಲೀನ್, ನಾನು ಬರ್ತೀನಿ. ಅವತ್ತು ಸೋಫಾ ಸುತ್ತ ಬರ್ಲಿಲ್ವಾ? ಹಾಗೇ.”

“ಹೂಂ,” ಎಂದಳು. ನಡುವಿನ ಗುಂಡಿಗಳ ಸಾಲಿನಲ್ಲಿ ಏನೋ ಚಿಟಿಕೆ ಹೊಡೆದಂಥ ಸದ್ದಾಯಿತು.

“ಹೊರಗೆ ಅಂದ್ರು ನಿಜ, ಆದ್ರೆ ಸ್ಪರ್ಧೆಯಿಂದ ಹೊರಗೆ, ಕುಣಿತದಿಂದ ಅಲ್ಲ. ಅಲ್ವಾ?”

“ಹೂಂ, ಹೇಳು, ಕೇಳ್ತಾ ಇದೀನಿ.” ಇನ್ನೊಂದು ಗುಂಡಿ ಬಿಚ್ಚಿತು.

ಯಾರೋ ನನ್ನ ಕೈಗೆ ಒಂದು ಊರುಗೋಲು ತುರುಕಿದರು. “ಹಿಡ್ಕೊಂಡಿರು ಮಗಾ,” ಎಂದಿತು ಕ್ರೌಸೆಯವರ ದನಿ. ನಾನು ನೆಟ್ಟಗಾಗಲು ನೋಡಿದೆ. ಸೊಂಟ ಒಪ್ಪಲಿಲ್ಲ, ಆ ಸಂಜೆಯೆಲ್ಲಾ ಬಗ್ಗಿದ್ದು ಅದಕ್ಕೆ ರೂಢಿಯಾಗಿಹೋಗಿತ್ತು. ಊರುಗೋಲಿಗೆ ಭಾರ ಬಿಟ್ಟು ನಿಂತೆ.

“ಬೆನ್ನು ಹಿಡ್ಕೊಂಡಿದೆ ಅಷ್ಟೇ, ಈಗ ಸರಿ ಹೋಗುತ್ತೆ. ಕೈಗವಸು ನಾಳೆನೇ ಬಿಚ್ಚಿ ಕೊಡ್ತೀನಿ. ಅಲ್ಲಾ ಆರ್ಲೀನ್, ನೀನೇ ಯೋಚನೆ ಮಾಡು, ಇದು ನಮ್ಮಿಬ್ಬರದೂ ಸೇರಿ ಒಂದು ಹಸು. ಹಿಂಗಾಲಿಲ್ಲದೆ ಹಸು ಎಲ್ಲಾದ್ರೂ ಹೆಜ್ಜೆ ಹಾಕುತ್ತಾ? ಯಾರನ್ನ ಬೇಕಾದ್ರೂ ಕೇಳು, ಒಂದು ಹಸು ಅಂದ್ಮೇಲೆ ಅದಕ್ಕೆ ಹಿಂದ್ಗಡೆ ಅನ್ನೋದು—”

ಕಣ್ಣಿಗೆ ಒಮ್ಮೆಲೆ ಬೆಳಕು ಬಿತ್ತು. ಎದುರಿಗೆ ಹೊಳೆಯುವ ಖಾಲಿ ನೆಲ. ಅದರ ನಡುವಿಗೆ, ಒಂದು ಕಿವಿಯಲ್ಲಿ ನೀಲಿ ರಿಬ್ಬನ್ ಅಲ್ಲಾಡಿಸುತ್ತಾ, ಎರಡೇ ಕಾಲಿನ ಮೇಲೆ, ಕ್ರೌಸೆಯವರ ಕೈ ಹಿಡಿದು, ನೆಲ ಮುಟ್ಟಿಯೂ ಮುಟ್ಟದ ಹಾಗೆ, ಹಸು ಹೊರಟುಹೋಯಿತು.